ಮಷೀನಿನಲ್ಲಿ ಕೇಬಲ್ ಸ್ವೆಟರ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಚಳಿಗಾಲ ಹತ್ತಿರವಾದಂತೆ ನಿಟಿಂಗ್ ಮಷೀನ್ ಇಟ್ಟುಕೊಂಡವರ ಪತ್ರಗಳು ಹೆಚ್ಚಾಗಿವೆ. ಅವುಗಳಲ್ಲಿ ಮುಕ್ಕಾಲು ಪಾಲು ಕೇಬಲ್ ಡಿಸೈನಿನ, ಅಂದರೆ ಕುಣಿಕೆಗಳ ಒಂದು ಗುಂಪನ್ನು ಪಕ್ಕದ ಗುಂಪಿನ ಮೇಲಿಂದ ದಾಟಿಸಿ ಹಗ್ಗದ ಹೊಸೆತದಂತೆ ಹೆಣೆಯುವುದರ ಬಗ್ಗೆಯೇ. ಬೇರೆ ರೀತಿ ಹೇಳದ ಕಡೆಗಳಲ್ಲೆಲ್ಲ ನಮ್ಮ ಉತ್ತರ ಮನೆಯಲ್ಲಿ ಟೇಬಲ್ಲಿಗೆ ಬಿಗಿದು ಹೆಣೆಯುವ, ಒಂದೇ ಸಾಲು ಸೂಜಿ ಇರುವ ಕೈಮಷೀನಿಗೆ ಸಂಬಂಧಿಸಿದ್ದು. ಒಂದು ಮಾತು ಮೊದಲೇ ನೆನಪಿರಲಿ: ಈ ಮಷೀನಿನ ಮುಂದೆ ಕುಳಿತಾಗ ನಿಮಗೆ ಕಾಣುವುದು ಬಟ್ಟೆಯ ಉಲ್ಟಾ ಬದಿ. ಸೀದಾ ಬದಿ ಆಚೆಗೆ ಮುಖ ಮಾಡಿರುತ್ತದೆ.

ಪ್ರಶ್ನೆ: ಕಡ್ಡಿಯಲ್ಲಿ ಎಷ್ಟೋ ಕೇಬಲ್ ಸ್ವೆಟರ್ ಹೆಣೆದಿದ್ದೇನೆ. ಈಗ 200 ಸೂಜಿಯ ಹಳೆಯ ಮಷೀನ್ ಸಿಕ್ಕಿದೆ. ಮೂರರ ಮೇಲೆ ಮೂರು ಕುಣಿಕೆ ದಾಟಿಸಲು ಹೋದರೆ ಟೂಲ್ ಆ ಕಡೆಯ ಸೂಜಿಯನ್ನು ತಲುಪುವುದೇ ಇಲ್ಲ. ಬಲವಂತ ಮಾಡಿದರೆ ದಾರ ಹರಿಯುತ್ತದೆ. ಏನು ತಪ್ಪು? — ಓದುಗರು, ಮಡಿಕೇರಿ

ಉತ್ತರ: 200 ಸೂಜಿಯ ಮಷೀನಿನಲ್ಲಿ ಒಂದು ಸೂಜಿಯಿಂದ ಇನ್ನೊಂದಕ್ಕೆ 4.5 ಮಿ.ಮೀ. ಅಂತರ. ಮೂರರ ಮೇಲೆ ಮೂರು ದಾಟಿಸುವಾಗ ಪ್ರತಿ ಕುಣಿಕೆಯೂ ಮೂರು ಸೂಜಿ ಆಚೆಗೆ ಹೋಗಬೇಕು, ಅಂದರೆ 13.5 ಮಿ.ಮೀ. ಕಡ್ಡಿಯ ಮೇಲಾದರೆ ಕುಣಿಕೆಗಳು ಒಂದಕ್ಕೊಂದು ಒತ್ತಿಕೊಂಡು ಜಾಗ ಮಾಡಿಕೊಡುತ್ತವೆ. ಮಷೀನಿನ ಸೂಜಿ ಕೂದಲೆಳೆಯಷ್ಟೂ ಪಕ್ಕಕ್ಕೆ ಸರಿಯುವುದಿಲ್ಲ. ಹಾಗಾಗಿ ಅಷ್ಟು ದೂರಕ್ಕೆ ಬೇಕಾದ ದಾರವನ್ನು ನೀವೇ ಮೊದಲು ಒದಗಿಸಿರಬೇಕು. ಒದಗಿಸದಿದ್ದರೆ ಅದು ಪಕ್ಕದ ಕುಣಿಕೆಗಳಿಂದ ಎಳೆದುಕೊಳ್ಳುತ್ತದೆ, ಅಲ್ಲೂ ಸಿಗದಿದ್ದರೆ ಹರಿಯುತ್ತದೆ. ಕೇಬಲ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಈ ದಾರದ ಕೊರತೆಯೇ.

ದಾರ ಒದಗಿಸಲು ನಾವು ಹೆಚ್ಚು ನಂಬುವ ದಾರಿ ಇದು. ಕೇಬಲಿನ ಆರು ಸೂಜಿಗಳ ಎಡಕ್ಕೆ ಒಂದು, ಬಲಕ್ಕೆ ಒಂದು ಸೂಜಿಯನ್ನು ಕೆಲಸದಿಂದ ಹೊರಗೆ ಹಿಂದಕ್ಕೆ ತಳ್ಳಿಡಿ. ದಾಟಿಸುವ ಮುಂಚಿನ ಕೊನೆಯ ಸಾಲಿಗೆ ಮಾತ್ರ ಆ ಎರಡು ಖಾಲಿ ಸೂಜಿಗಳನ್ನು ಮುಂದಕ್ಕೆ ತಂದು ಕ್ಯಾರೇಜ್ (ಸೂಜಿಗಳ ಮೇಲೆ ಅತ್ತಿತ್ತ ಓಡಿ ಸಾಲು ಹೆಣೆಯುವ ಭಾಗ) ಓಡಿಸಿ. ಅವುಗಳ ಕೊಕ್ಕೆಯಲ್ಲಿ ಒಂದೊಂದು ಸುತ್ತು ದಾರ ಕೂರುತ್ತದೆ. ಈಗ ಆ ಎರಡು ಸುತ್ತುಗಳನ್ನು ಬೀಳಿಸಿ, ಸೂಜಿಗಳನ್ನು ಮತ್ತೆ ಹಿಂದಕ್ಕೆ ತಳ್ಳಿ. ಬಿದ್ದ ಸುತ್ತಿನ ದಾರವೇ ನಿಮಗೆ ಬೇಕಾದ ಸಡಿಲ. ಅದು ಅಂಚಿನ ಕುಣಿಕೆಯಲ್ಲಿ ಗುಪ್ಪೆಯಾಗಿ ನಿಲ್ಲುತ್ತದೆ. ಒಂದು ಕಣ್ಣಿನ ಟೂಲಿನಿಂದ ಒಳಗಿನ ಕುಣಿಕೆಗಳನ್ನು ಒಂದೊಂದಾಗಿ ಮೆಲ್ಲಗೆ ಎಳೆದು ಆ ಸಡಿಲವನ್ನು ಆರಕ್ಕೂ ಹಂಚಿಕೊಳ್ಳಿ. ಇದರ ಜೊತೆಗೆ ಇಡೀ ತುಂಡಿಗೆ, ಕುಣಿಕೆಯ ಗಾತ್ರ ಹೊಂದಿಸುವ ಟೆನ್ಷನ್ ಡಯಲನ್ನು ಮಾಮೂಲಿಗಿಂತ ಒಂದು ಅಂಕ ಹೆಚ್ಚಿಗೆ ಇಡಿ. ಆ ದಾರಕ್ಕೆ 7 ಸರಿಹೋಗುತ್ತಿದ್ದರೆ 8. ದಾಟಿಸುವ ಸಾಲಿಗೆ ಮಾತ್ರ ಡಯಲ್ ಏರಿಸುವ ಪದ್ಧತಿ ಕೆಲವರಲ್ಲಿದೆ, ನಾವು ಅದನ್ನು ಹೇಳುವುದಿಲ್ಲ. ಸಾದಾ ಭಾಗದಲ್ಲೂ ಎಂಟೆಂಟು ಸಾಲಿಗೊಮ್ಮೆ ಸಡಿಲ ಗೆರೆ ಬಿದ್ದು, ಒಗೆದರೂ ಹೋಗುವುದಿಲ್ಲ.

ಇನ್ನು ದಾಟಿಸುವ ಕ್ರಮ. ಮೊದಲು ಕೇಬಲಿನ ಕೆಳಗೆ ತೂಗುಹಾಕಿದ ತೂಕದ ಕೊಕ್ಕೆಯನ್ನು ತೆಗೆಯಿರಿ. ತೂಕ ಎಳೆಯುತ್ತಿರುವಾಗ ಕುಣಿಕೆ ಸಡಿಲವಾಗುವುದಿಲ್ಲ. ಮೂರು ಕಣ್ಣಿನ ಟ್ರಾನ್ಸ್‌ಫರ್ ಟೂಲ್ ಎರಡು ಬೇಕು. ಒಂದರ ಕಣ್ಣುಗಳನ್ನು ಮೂರು ಸೂಜಿಗಳ ಕೊಕ್ಕೆಗೆ ಸಿಕ್ಕಿಸಿ, ಕುಣಿಕೆಗಳು ಲ್ಯಾಚಿನ (ಕೊಕ್ಕೆಯ ಬಾಯಿ ಮುಚ್ಚುವ ಪುಟ್ಟ ನಾಲಿಗೆ) ಹಿಂದಕ್ಕೆ ಹೋಗುವ ತನಕ ಸೂಜಿಗಳನ್ನು ಮುಂದಕ್ಕೆ ಎಳೆಯಿರಿ. ನಂತರ ಟೂಲನ್ನು ಹಿಂದಕ್ಕೆ ತಳ್ಳಿದರೆ ಲ್ಯಾಚ್ ಮುಚ್ಚಿ, ಕುಣಿಕೆಗಳು ಅದರ ಮೇಲೆ ಜಾರಿ ಟೂಲಿಗೆ ಬರುತ್ತವೆ. ಇನ್ನೊಂದು ಟೂಲಿನಲ್ಲಿ ಪಕ್ಕದ ಮೂರನ್ನೂ ಹೀಗೆಯೇ ತೆಗೆಯಿರಿ. ಒಂದು ಗುಂಪನ್ನು ನಿಮ್ಮ ಕಡೆಗೆ ತುಸು ಕೆಳಕ್ಕೆ ಹಿಡಿದುಕೊಂಡು, ಇನ್ನೊಂದು ಗುಂಪನ್ನು ಅದರ ಖಾಲಿ ಸೂಜಿಗಳ ಮೇಲೆ ಹಾಕಿ. ಆಮೇಲೆ ಕೈಯಲ್ಲಿರುವುದನ್ನು ಉಳಿದ ಮೂರಕ್ಕೆ ಹಾಕಿ. ಟೂಲನ್ನು ಮೇಲಕ್ಕೆ ಎತ್ತಿ ಎಳೆಯಬೇಡಿ, ಸೂಜಿಯ ಮಟ್ಟದಲ್ಲೇ ಅಡ್ಡಕ್ಕೆ ಸರಿಸಿ. ಕಡೆಗೆ ಆರೂ ಸೂಜಿಗಳನ್ನು ಪೂರ್ತಿ ಮುಂದಕ್ಕೆ ತಂದು, ಲ್ಯಾಚ್‌ಗಳು ತೆರೆದಿವೆಯೇ ನೋಡಿ, ಕ್ಯಾರೇಜಿನ ಹೋಲ್ಡ್ ಲಿವರ್ ಮುಂದಕ್ಕೆ ತಂದ ಸೂಜಿಗಳನ್ನೂ ಹೆಣೆಯುವ ಸ್ಥಾನದಲ್ಲಿದೆಯೇ ಖಚಿತ ಮಾಡಿಕೊಂಡು ನಿಧಾನವಾಗಿ ಓಡಿಸಿ.

ಕೈ ಪಳಗುವ ತನಕ ಎರಡರ ಮೇಲೆ ಎರಡು ಮಾಡಿ. ಅದಕ್ಕೆ 9 ಮಿ.ಮೀ. ದಾಟಿದರೆ ಸಾಕು, ವಿಶೇಷ ಸಡಿಲವೂ ಬೇಕಾಗುವುದಿಲ್ಲ. ನಾಲ್ಕು ಅಥವಾ ಆರು ಸಾಲಿಗೊಮ್ಮೆ ದಾಟಿಸಬಹುದು. ಮೂರರ ಮೇಲೆ ಮೂರಕ್ಕೆ ಎಂಟು ಸಾಲಿನ ಅಂತರ ಹಿತ. ಆರಕ್ಕಿಂತ ಕಡಿಮೆ ಮಾಡಿದರೆ ಹಿಂದಿನ ಬಿಗಿ ಬಿಡುವ ಮುಂಚೆಯೇ ಇನ್ನೊಂದು ಬಿಗಿ ಬೀಳುತ್ತದೆ. ನಾಲ್ಕರ ಮೇಲೆ ನಾಲ್ಕನ್ನು 4.5 ಮಿ.ಮೀ. ಮಷೀನಿನಲ್ಲಿ ಮಾಡಹೋಗಬೇಡಿ.

ಪ್ರಶ್ನೆ: ಕೇಬಲ್ ತಪ್ಪಿಲ್ಲದೆ ಬಂದಿದೆ, ಆದರೆ ಚಪ್ಪಟೆಯಾಗಿ ಬಟ್ಟೆಯಲ್ಲೇ ಹುದುಗಿಹೋಗಿದೆ. ಅಂಗಡಿ ಸ್ವೆಟರಿನ ಹಾಗೆ ಉಬ್ಬಿ ಕಾಣಲು ಏನು ಮಾಡಬೇಕು? — ಓದುಗರು, ಧಾರವಾಡ

ಉತ್ತರ: ಕೇಬಲ್ ಉಬ್ಬುವುದು ಅದರ ಎರಡೂ ಪಕ್ಕ ಉಲ್ಟಾ ಕುಣಿಕೆಗಳ ತಗ್ಗು ಇದ್ದಾಗ. ಒಂದು ಸಾಲು ಸೂಜಿಯ ಮಷೀನ್ ಬರೀ ಸೀದಾ ಹೆಣೆಯುತ್ತದೆ. ಆದ್ದರಿಂದ ಉಲ್ಟಾ ಗೆರೆಗಳನ್ನು ಲ್ಯಾಚ್ ಟೂಲಿನಿಂದ (ಹಿಡಿ ಇರುವ, ಮಷೀನ್ ಸೂಜಿಯಂಥದೇ ಕೊಕ್ಕೆ) ಕೈಯಲ್ಲೇ ಎಬ್ಬಿಸಬೇಕು. ಎಡಕ್ಕೆ ಎರಡು, ನಡುವೆ ಆರು, ಬಲಕ್ಕೆ ಎರಡು, ಒಟ್ಟು ಹತ್ತು ಸೂಜಿಗಳ ಪಟ್ಟಿ ಇಟ್ಟುಕೊಳ್ಳಿ. ಈ ಪದ್ಧತಿಯಲ್ಲಿ ಹಿಂದಿನ ಉತ್ತರದ ಖಾಲಿ ಸೂಜಿಗಳು ಬೇಡ, ಹತ್ತೂ ಕೆಲಸದಲ್ಲಿರಲಿ.

ಎಂಟು ಸಾಲು ಹೆಣೆದ ಮೇಲೆ, ಕೇಬಲಿಗೆ ತಾಗಿದ ಉಲ್ಟಾ ಕುಣಿಕೆಯ ಗೆರೆಯಲ್ಲಿ ಎಂಟು ಸಾಲು ಕೆಳಗಿನ ಕುಣಿಕೆಗೆ ಲ್ಯಾಚ್ ಟೂಲ್ ಚುಚ್ಚಿ ಹಿಡಿಯಿರಿ. ಇದನ್ನು ಮೊದಲು ಮಾಡದಿದ್ದರೆ ಕುಣಿಕೆ ಬುಡದ ತನಕ ಓಡಿಹೋಗುತ್ತದೆ. ಆಮೇಲೆ ಮೇಲಿನ ಕುಣಿಕೆಯನ್ನು ಸೂಜಿಯಿಂದ ಬಿಡಿ. ಅದು ಟೂಲಿನ ತನಕ ಬಿಚ್ಚಿ, ಏಣಿಯಂತೆ ಎಂಟು ಅಡ್ಡದಾರಗಳು ಉಳಿಯುತ್ತವೆ. ಇನ್ನೊಂದು ಪಕ್ಕದ ಗೆರೆಗೂ ಹೀಗೆಯೇ ಮಾಡಿ. ಈಗಲೇ ಕೇಬಲ್ ದಾಟಿಸಿ: ಎರಡೂ ಪಕ್ಕ ಬಿಚ್ಚಿದ್ದರಿಂದ ಸಡಿಲ ತಾನಾಗಿ ಸಿಕ್ಕಿರುತ್ತದೆ, ದಾಟಿಸುವುದು ಬಹಳ ಸಲೀಸು. ಕುಣಿಕೆಗಳನ್ನು ಸೂಜಿಗೆ ಹಾಕಿದ ನಂತರ ಅಡ್ಡದಾರಗಳನ್ನು ಕೆಳಗಿನಿಂದ ಒಂದೊಂದಾಗಿ ಎತ್ತಿ. ಟೂಲಿನಲ್ಲಿರುವ ಕುಣಿಕೆಯನ್ನು ಲ್ಯಾಚಿನ ಹಿಂದಕ್ಕೆ ತಳ್ಳಿ, ಅಡ್ಡದಾರವನ್ನು ಕೊಕ್ಕೆಗೆ ಹಿಡಿದು, ಕುಣಿಕೆಯೊಳಗಿನಿಂದ ನಿಮ್ಮ ಕಡೆಗೆ ಎಳೆಯಿರಿ. ನಿಮ್ಮ ಕಣ್ಣಿಗೆ ಸೀದಾ ಗೆರೆ ಕಂಡರೆ ಆಚೆ ಬದಿಯಲ್ಲಿ ಅದು ಉಲ್ಟಾ. ಎಂಟನೆಯದನ್ನು ಸೂಜಿಗೆ ಹಾಕಿ.

ಎಣಿಸಿಕೊಂಡೇ ಎತ್ತಿ. ಒಂದು ಅಡ್ಡದಾರ ತಪ್ಪಿದರೆ ಅದು ಬಿಡಿದಾರವಾಗಿ ಜೋತುಬಿದ್ದು ಉಂಗುರಕ್ಕೋ ಬಳೆಗೋ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಿನ ಒಂದೆರಡು ಅಡ್ಡದಾರ ಬಿಗಿಯಾಗಿರುವುದು ಸಹಜ, ಏಕೆಂದರೆ ಅವುಗಳ ಸಡಿಲವನ್ನೇ ಕೇಬಲ್ ತೆಗೆದುಕೊಂಡಿದೆ. ಹೊರಗಿನ ಉಲ್ಟಾ ಗೆರೆಯನ್ನು ಇಡೀ ತುಂಡು ಮುಗಿದ ಮೇಲೆ, ಮಷೀನಿನಿಂದ ಬಿಚ್ಚುವ ಮುಂಚೆ ಒಂದೇ ಉಸಿರಿಗೆ ಎಬ್ಬಿಸಬಹುದು. ಪಕ್ಕಪಕ್ಕದ ಎರಡು ಗೆರೆಗಳನ್ನು ಒಟ್ಟಿಗೆ ಬೀಳಿಸಬೇಡಿ. ಅಗಲವಾದ ಒಂದೇ ಏಣಿಯಾಗಿ, ದಾರವನ್ನು ಎರಡು ಗೆರೆಗೆ ಸಮನಾಗಿ ಹಂಚುವುದು ಆಗುವುದಿಲ್ಲ.

ಉಲ್ಟಾ ಎಬ್ಬಿಸುವ ಬದಲು ಖಾಲಿ ಸೂಜಿಯ ಏಣಿಯನ್ನು ಹಾಗೆಯೇ ಬಿಟ್ಟರೆ ಆಗದೇ ಎಂದು ಕೆಲವರು ಕೇಳಿದ್ದಾರೆ. ತೆಳು ದಾರದ ಮಕ್ಕಳ ಸ್ವೆಟರಿಗೆ ಆದೀತು. ದಪ್ಪ ದಾರದಲ್ಲಿ ಅದು ತೂತಿನ ಸಾಲಾಗಿ ಕಾಣುತ್ತದೆ, ಗಾಳಿಯೂ ನುಗ್ಗುತ್ತದೆ. ಸ್ವೆಟರ್ ಬೆಚ್ಚಗಿರಬೇಕಾದ ಉಡುಪು. ಅಷ್ಟು ಶ್ರಮ ಪಟ್ಟು ಕೇಬಲ್ ಹಾಕಿದ ಮೇಲೆ ಇದನ್ನೂ ಮಾಡುವುದೇ ಸರಿ.

ಪ್ರಶ್ನೆ: ಎದೆಯ ಎರಡು ಬದಿಯ ಕೇಬಲ್‌ಗಳು ಒಂದಕ್ಕೊಂದು ಎದುರಾಗಿ ತಿರುಗಬೇಕು. ನನ್ನದು ಪ್ರತಿಸಲ ತಪ್ಪು ದಿಕ್ಕಿಗೆ ತಿರುಗುತ್ತದೆ. ಯಾವುದನ್ನು ಮೊದಲು ಹಾಕಬೇಕು? — ಓದುಗರು, ಶಿವಮೊಗ್ಗ

ಉತ್ತರ: ಸೂಜಿಗೆ ಮೊದಲು ಮರಳಿದ ಗುಂಪೇ ಸೀದಾ ಬದಿಯಲ್ಲಿ ಮೇಲೆ ಕಾಣುತ್ತದೆ. ಎರಡನೆಯ ಗುಂಪು ನಿಮ್ಮ ಕಡೆಯಿಂದ ಹಾದು ಹೋಗುವುದರಿಂದ, ಆಚೆಯಿಂದ ನೋಡುವವರಿಗೆ ಅದು ಹಿಂದೆ. ನಿಮ್ಮ ಬಲಗಡೆಯ ಮೂರನ್ನು ಮೊದಲು ಎಡಗಡೆಯ ಸೂಜಿಗಳಿಗೆ ಹಾಕಿದರೆ, ಸೀದಾ ಬದಿಯಲ್ಲಿ ಕೇಬಲ್ ಮೇಲೇರುತ್ತ ಬಲಕ್ಕೆ ವಾಲುತ್ತದೆ. ಎಡಗಡೆಯದನ್ನು ಮೊದಲು ಹಾಕಿದರೆ ಎಡಕ್ಕೆ. ಮುಂಭಾಗ ಹೆಣೆಯುವಾಗ ನಿಮ್ಮ ಎಡಗೈ ಕಡೆಯದು ತೊಡುವವರ ಎಡ ಬದಿಯೇ ಆಗುತ್ತದೆ. ಸೂಜಿಗಳ ಕೆಳಗಿನ ಪಟ್ಟಿಗೆ ಎರಡು ಬಣ್ಣದ ಟೇಪ್ ಅಂಟಿಸಿ, ಯಾವ ಮೂರು ಸೂಜಿಗಳ ಕುಣಿಕೆಗಳನ್ನು ಮೊದಲು ದಾಟಿಸಬೇಕೋ ಅವುಗಳ ಕೆಳಗೆ ಮಾತ್ರ ಕೆಂಪು ಇರಲಿ. ಆಮೇಲೆ ಪ್ರತಿಸಲ ಯೋಚಿಸಬೇಕಾಗಿಲ್ಲ.

ಪ್ರಶ್ನೆ: ಅಳತೆಗೆ ಸರಿಯಾಗಿ ಕುಣಿಕೆ ಹಾಕಿದರೂ ಸ್ವೆಟರ್ ಬಿಗಿಯಾಯಿತು. ಅದೇ ಹೊತ್ತಿಗೆ ಕೆಳಗಿನ ಬಾರ್ಡರ್ ಮಾತ್ರ ಲಂಗದ ಅಂಚಿನ ಹಾಗೆ ಅಗಲಿಸಿ ನಿಂತಿದೆ. ಎರಡೂ ಒಟ್ಟಿಗೆ ಹೇಗೆ? — ಓದುಗರು, ಬೆಂಗಳೂರು

ಉತ್ತರ: ಎರಡಕ್ಕೂ ಕಾರಣ ಒಂದೇ. ಕೇಬಲ್ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ, ಬಾರ್ಡರಿನಲ್ಲಿ ಕೇಬಲ್ ಇಲ್ಲದ್ದರಿಂದ ಅಲ್ಲಿ ಎಳೆತವಿಲ್ಲ. ಸಾದಾ ಹೆಣಿಗೆಯ ಅಳತೆಯಲ್ಲಿ ಲೆಕ್ಕ ಹಾಕಿದರೆ ಹೀಗೇ ಆಗುವುದು.

ಮಾದರಿ ತುಂಡನ್ನು ಹೀಗೆ ಹೆಣೆಯಿರಿ: ಒಂದು ಪಕ್ಕ 30 ಸಾದಾ ಕುಣಿಕೆ, ನಡುವೆ 10 ಕುಣಿಕೆಯ ಕೇಬಲ್ ಪಟ್ಟಿ, ಇನ್ನೊಂದು ಪಕ್ಕ 10 ಸಾದಾ, ಒಟ್ಟು 50 ಕುಣಿಕೆ, 64 ಸಾಲು. ಮಷೀನಿನಿಂದ ತೆಗೆದ ಕೂಡಲೇ ಅಳೆಯಬೇಡಿ. ತೂಕಕ್ಕೆ ಸಿಕ್ಕಿ ಅದು ಉದ್ದಕ್ಕೆ ಹಿಗ್ಗಿರುತ್ತದೆ. ಒಗೆದು, ಚಪ್ಪಟೆಯಾಗಿ ಹರಡಿ, ಪೂರ್ತಿ ಒಣಗಿದ ಮೇಲೆ ಸಾದಾ ಭಾಗವನ್ನೂ ಕೇಬಲ್ ಪಟ್ಟಿಯನ್ನೂ ಬೇರೆಬೇರೆಯಾಗಿ ಅಳೆಯಿರಿ.

6.5 ಮಿ.ಮೀ. ಅಂತರದ, 150 ಸೂಜಿಯ ಮಷೀನಿನಲ್ಲಿ ಒಂದು ಲೆಕ್ಕ ಮಾಡೋಣ. ಸಾದಾ ಭಾಗ 10 ಸೆಂ.ಮೀ.ಗೆ 20 ಕುಣಿಕೆ, 28 ಸಾಲು ಬಂತು ಎಂದಿಟ್ಟುಕೊಳ್ಳಿ. ಹತ್ತು ಕುಣಿಕೆಯ ಕೇಬಲ್ ಪಟ್ಟಿ 5 ಸೆಂ.ಮೀ. ಬದಲು 3.6 ಸೆಂ.ಮೀ. ಬಂತು. ಸ್ವೆಟರಿನ ಸುತ್ತಳತೆ 100 ಸೆಂ.ಮೀ., ಮುಂಭಾಗ 50. ಮೂರು ಕೇಬಲ್ ಪಟ್ಟಿಗೆ 30 ಕುಣಿಕೆ, ಅಗಲ 10.8 ಸೆಂ.ಮೀ. ಉಳಿದ 39.2 ಸೆಂ.ಮೀ.ಗೆ ಸಾದಾ ಕುಣಿಕೆ 78. ಹೊಲಿಗೆಗೆ ಎರಡು ಸೇರಿಸಿದರೆ ಒಟ್ಟು 110. ಕೇಬಲನ್ನು ಲೆಕ್ಕಕ್ಕೆ ತಾರದೆ ಇದ್ದರೆ ನೀವು 102ಕ್ಕೇ ನಿಲ್ಲುತ್ತಿದ್ದಿರಿ. ಹಿಂಭಾಗವೂ ಸೇರಿದರೆ ಸುತ್ತಳತೆಯಲ್ಲಿ ಎಂಟು ಸೆಂ.ಮೀ. ಕಡಿಮೆ.

ಬಾರ್ಡರಿಗೆ ನಮ್ಮ ಸಲಹೆ: ಅದನ್ನು ಕೊನೆಗೆ ಹೆಣೆಯಿರಿ. ಬೇಡದ ಬಣ್ಣದ ದಾರದಲ್ಲಿ ಹತ್ತು ಸಾಲು ಹೆಣೆದು, ಅದರ ಮೇಲೆ ಸ್ವೆಟರಿನ ದಾರದಿಂದ ಮೈ ಶುರುಮಾಡಿ. ಮೈ ಮುಗಿದ ಮೇಲೆ ತುಂಡನ್ನು ತಲೆಕೆಳಗು ಮಾಡಿ, ಉಲ್ಟಾ ಬದಿ ನಿಮ್ಮ ಕಡೆಗಿರುವಂತೆ, ಬುಡದ ಕುಣಿಕೆಗಳನ್ನು ಸೂಜಿಗೆ ಹಾಕಿಕೊಳ್ಳಿ. ಪ್ರತಿ ಕೇಬಲಿನ ಕೆಳಗೆ ಮೂರು ಕಡೆ ಎರಡೆರಡು ಕುಣಿಕೆಯನ್ನು ಒಂದೇ ಸೂಜಿಗೆ ಹಾಕಿ. ಮೂರು ಕೇಬಲಿಗೆ ಒಂಬತ್ತು ಕಡಿಮೆಯಾಗಿ 101 ಉಳಿಯುತ್ತದೆ. ಬೇಡದ ದಾರ ಬಿಚ್ಚಿ, ಟೆನ್ಷನನ್ನು ಎರಡು ಅಂಕ ಇಳಿಸಿ, ಬೇಕಾದಷ್ಟು ಸಾಲು ಕೆಳಮುಖವಾಗಿ ಹೆಣೆದು, ಒಂದು ಬಿಟ್ಟು ಒಂದು ಗೆರೆಯನ್ನು ಬೀಳಿಸಿ ಲ್ಯಾಚ್ ಟೂಲಿನಿಂದ ಉಲ್ಟಾ ಎಬ್ಬಿಸಿ. ಸ್ವೆಟರ್ ಗಿಡ್ಡವಾಯಿತು ಎನಿಸಿದರೆ ಮುಂದೆ ಈ ಬಾರ್ಡರ್ ಬಿಚ್ಚಿ ಉದ್ದ ಮಾಡಲೂ ಬರುತ್ತದೆ. ಭುಜ ಮತ್ತು ಕುತ್ತಿಗೆಯಲ್ಲಿ ಮುಚ್ಚುವಾಗಲೂ ಕೇಬಲಿನ ಮೇಲೆ ಇದೇ ರೀತಿ ಎರಡೆರಡು ಸೇರಿಸಿಕೊಂಡು ಮುಚ್ಚಿ, ಇಲ್ಲವಾದರೆ ಭುಜದ ಹೊಲಿಗೆ ಅಲೆಅಲೆಯಾಗುತ್ತದೆ.

ದಾರ ಎಷ್ಟು ಬೇಕೆಂಬುದಕ್ಕೂ ಆ ಮಾದರಿ ತುಂಡೇ ಸಾಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಸ್ವೆಟರಿನ ಒಟ್ಟು ವಿಸ್ತೀರ್ಣವನ್ನು ತುಂಡಿನ ವಿಸ್ತೀರ್ಣದಿಂದ ಭಾಗಿಸಿ ಆ ತೂಕದಿಂದ ಗುಣಿಸಿ. ಮೇಲೆ ನೂರಕ್ಕೆ ಹತ್ತು ಭಾಗ ಸೇರಿಸಿ, ಒಂದೇ ಲಾಟಿನದನ್ನು ಒಟ್ಟಿಗೆ ಕೊಳ್ಳಿ.

ಪ್ರಶ್ನೆ: ನನ್ನ ಮಷೀನಿಗೆ ಪಂಚ್ ಕಾರ್ಡ್ ಇದೆ. ಕೇಬಲಿನ ಕಾರ್ಡ್ ಎಲ್ಲಿ ಸಿಗುತ್ತದೆ? — ಓದುಗರು, ಮೈಸೂರು

ಉತ್ತರ: ಸಿಗುವುದಿಲ್ಲ. ಕಾರ್ಡ್ ಸೂಜಿಯನ್ನು ಮುಂದೆ ಹಿಂದೆ ಮಾಡಬಲ್ಲದು, ಒಂದು ಸೂಜಿಯ ಕುಣಿಕೆಯನ್ನು ಎತ್ತಿ ಇನ್ನೊಂದರ ಮೇಲಿಂದ ದಾಟಿಸಲಾರದು. ಮನೆಯ ಮಷೀನಿನಲ್ಲಿ ಕೇಬಲ್ ದಾಟುವುದು ಕೈಯಿಂದಲೇ. ಕಾರ್ಖಾನೆಯ ಕಂಪ್ಯೂಟರ್ ಮಷೀನಿನಲ್ಲಿ ಎದುರುಬದುರು ಎರಡು ಸಾಲು ಸೂಜಿ ಇರುತ್ತವೆ. ಕುಣಿಕೆಗಳನ್ನು ಹಿಂದಿನ ಸಾಲಿಗೆ ದಾಟಿಸಿ, ಆ ಸಾಲನ್ನೇ ಮೂರು ಸೂಜಿಯಷ್ಟು ಪಕ್ಕಕ್ಕೆ ಜರುಗಿಸಿ, ಮತ್ತೆ ಮುಂದಕ್ಕೆ ಕೊಡುತ್ತದೆ. ಅಲ್ಲಿಯೂ ದಾರ ಹರಿಯುವ ತೊಂದರೆ ಇದ್ದೇ ಇದೆ.

ಆದರೂ ನಿಮ್ಮ ಕಾರ್ಡನ್ನು ಗುರುತಿಗಾಗಿ ಬಳಸಬಹುದು. ಬ್ರದರ್ ಕಂಪನಿಯ ಮಷೀನಿನಲ್ಲಿ, ಕಾರ್ಡಿನಂತೆ ಸೂಜಿ ಆಯುವ ಕೆಸಿ (KC) ಗುಂಡಿ ತಿರುಗಿಸಿ, ಟಕ್ ಅಥವಾ ಬೇರೆ ಯಾವ ಬಟನ್ನನ್ನೂ ಒತ್ತದೆ ಓಡಿಸಿದರೆ ಆಯ್ದ ಸೂಜಿಗಳು ಮುಂದೆ ಬಂದು ನಿಲ್ಲುತ್ತವೆ, ಹೆಣಿಗೆ ಮಾತ್ರ ಸಾದಾ ಆಗಿಯೇ ಆಗುತ್ತದೆ. ದಾಟಿಸಬೇಕಾದ ಸಾಲಿನಲ್ಲಿ, ಮೊದಲು ಹಾಕಬೇಕಾದ ಮೂರು ಸೂಜಿಗಳಿಗೆ ಮಾತ್ರ ತೂತು ಹೊಡೆಯಿರಿ. ಆ ಸೂಜಿಗಳು ಎದ್ದು ಬಂದಾಗ ಯಾವ ಸಾಲು, ಯಾವ ದಿಕ್ಕು ಎರಡೂ ತಿಳಿದಂತಾಯಿತು. ಕಾರ್ಡ್ 24 ಕುಣಿಕೆಗೊಮ್ಮೆ ಮರುಕಳಿಸುವುದರಿಂದ ಕೇಬಲ್‌ಗಳ ನಡುವಿನ ಅಂತರವನ್ನು 12 ಅಥವಾ 24ಕ್ಕೆ ಹೊಂದಿಸಿಕೊಳ್ಳಿ. ಹಲವು ಕೇಬಲ್‌ಗಳು ಬೇರೆಬೇರೆ ಸಾಲಿನಲ್ಲಿ ದಾಟುವ ಡಿಸೈನಿಗೆ ಇದು ಬಹಳ ಉಪಯುಕ್ತ.

ಪ್ರಶ್ನೆ: ದಾಟಿಸಿದ ಮುಂದಿನ ಸಾಲಿನಲ್ಲೇ ಒಂದೆರಡು ಕುಣಿಕೆ ಬಿದ್ದುಹೋಗುತ್ತವೆ. ಬೇರೆ ಕಡೆ ಬೀಳುವುದಿಲ್ಲ. — ಓದುಗರು, ಚಿಕ್ಕಮಗಳೂರು

ಉತ್ತರ: ದಾಟಿಸಿದ ಕುಣಿಕೆ ಬಿಗಿಯಾಗಿ ಕೊಕ್ಕೆಯ ತುದಿಗೆ ಕಚ್ಚಿಕೊಂಡಿರುತ್ತದೆ. ಸೂಜಿಯನ್ನು ಪೂರ್ತಿ ಮುಂದಕ್ಕೆ ತಾರದೆ ಕ್ಯಾರೇಜ್ ಓಡಿಸಿದರೆ ಕುಣಿಕೆ ಲ್ಯಾಚಿನ ಹಿಂದಕ್ಕೆ ಹೋಗುವುದೇ ಇಲ್ಲ, ಹೊಸ ದಾರ ಅದರೊಳಗಿನಿಂದ ಬರುವುದೂ ಇಲ್ಲ. ಮುಂದಕ್ಕೆ ತಂದರೂ ಬೀಳುತ್ತಿದ್ದರೆ ಲ್ಯಾಚ್ ಅರ್ಧ ಮುಚ್ಚಿದೆಯೇ ನೋಡಿ. ಮೂರನೆಯದು ತೂಕ: ದಾಟಿಸುವಾಗ ತೆಗೆದ ಕೊಕ್ಕೆಯನ್ನು ಮತ್ತೆ ಹಾಕಲು ಮರೆತಿದ್ದರೆ ಬಟ್ಟೆ ಮೇಲಕ್ಕೆ ಎದ್ದು ಕುಣಿಕೆ ಜಾರುತ್ತದೆ.

ಇವೆಲ್ಲ ಸರಿಯಿದ್ದರೆ ಸ್ಪಾಂಜ್ ಬಾರ್ ಪರೀಕ್ಷಿಸಿ. ಲೋಹದ ಬೆಡ್ (ಸೂಜಿಗಳು ಕೂರುವ ಹಲಗೆ) ಇರುವ ಹಳೆಯ ಮಷೀನುಗಳಲ್ಲಿ ಸೂಜಿಗಳನ್ನು ಕೆಳಕ್ಕೆ ಒತ್ತಿ ಹಿಡಿಯುವುದು ಈ ಪಟ್ಟಿ. ಬದಿಯಿಂದ ಹೊರಗೆಳೆದು ನೋಡಿ, ಸ್ಪಾಂಜ್ ಲೋಹದ ಅಂಚಿಗಿಂತ ಮೇಲೆ ಉಬ್ಬಿರಬೇಕು. ಚಪ್ಪಟೆಯಾಗಿದ್ದರೆ ಅಥವಾ ಅಂಟಂಟಾಗಿ ಪುಡಿಯಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಸೂಜಿಗಳು ಮೇಲಕ್ಕೆ ತೇಲಿ, ಟೂಲ್ ಸಿಕ್ಕಿಸುವುದೇ ಕಷ್ಟವಾಗುತ್ತದೆ. ಹೊಸ ಬಾರ್ ಸಿಗದಿದ್ದರೆ ಹಳೆಯ ಸ್ಪಾಂಜ್ ಕೆರೆದು ತೆಗೆದು, ಕಿಟಕಿ ಸಂದಿಗೆ ಅಂಟಿಸುವ ಫೋಮ್ ಪಟ್ಟಿಯನ್ನು ಅದೇ ಅಗಲಕ್ಕೆ ಕತ್ತರಿಸಿ ಅಂಟಿಸಬಹುದು. ಬೇಗ ಸವೆಯುತ್ತದೆ, ಕೆಲಸವಂತೂ ನಡೆಯುತ್ತದೆ. ಬಾರನ್ನು ಮತ್ತೆ ತೂರಿಸುವಾಗ ಎಲ್ಲ ಸೂಜಿಗಳನ್ನೂ ಹಿಂದಕ್ಕೆ ತಳ್ಳಿ, ಅವುಗಳನ್ನು ಸ್ಕೇಲಿನಿಂದ ಕೆಳಕ್ಕೆ ಒತ್ತಿ ಹಿಡಿದುಕೊಳ್ಳಿ. ಬಾರ್ ಸೂಜಿಗಳ ಮೇಲಿಂದ ಹೋಗಬೇಕು, ಕೆಳಗಿನಿಂದಲ್ಲ.

ಪ್ರಶ್ನೆ: ಲೂಧಿಯಾನದ ಕೋನ್ ದಾರ ಅಗ್ಗಕ್ಕೆ ಸಿಕ್ಕಿದೆ, 2/32 ಎಂದು ಬರೆದಿದೆ. ಕೇಬಲಿಗೆ ಆಗುತ್ತದೆಯೇ? — ಓದುಗರು, ಹುಬ್ಬಳ್ಳಿ

ಉತ್ತರ: 2/32 ಎಂದರೆ ಗ್ರಾಮಿಗೆ 32 ಮೀಟರ್ ಬರುವ ಎಳೆಗಳು ಎರಡು ಹೊಸೆದದ್ದು, ಅಂದರೆ ಗ್ರಾಮಿಗೆ 16 ಮೀಟರ್. ನಾಲ್ಕು ಕೋನ್ ಒಟ್ಟಿಗೆ ಓಡಿಸಿದರೆ 100 ಗ್ರಾಮಿಗೆ 400 ಮೀಟರ್, 4.5 ಮಿ.ಮೀ. ಮಷೀನಿಗೆ ಸರಿಯಾದ ದಪ್ಪ. 6.5 ಮಿ.ಮೀ. ಮಷೀನಿಗೆ ಏಳು ಎಳೆ ಬೇಕು, 100 ಗ್ರಾಮಿಗೆ ಸುಮಾರು 230 ಮೀಟರ್.

ಸಾದಾ ಹೆಣಿಗೆಗೆ ಇದು ಚೆನ್ನ. ಕೇಬಲಿಗೆ ತೊಡಕಿದೆ: ಹೊಸೆಯದ ಬಿಡಿ ಎಳೆಗಳಲ್ಲಿ ಒಂದನ್ನು ಟೂಲ್ ಬಿಟ್ಟುಬಿಡುತ್ತದೆ, ಲ್ಯಾಚ್ ಎರಡು ಎಳೆಯ ನಡುವೆ ಚುಚ್ಚುತ್ತದೆ. ಉಲ್ಟಾ ಗೆರೆ ಎಬ್ಬಿಸುವಾಗ ಇದು ಬಹಳ ಕಾಡುತ್ತದೆ. ಆದ್ದರಿಂದ ಕೇಬಲಿಗೆ ಒಂದೇ ಎಳೆಯಾಗಿ ಚೆನ್ನಾಗಿ ಹೊಸೆದ, ನುಣುಪಾದ, ಸ್ವಲ್ಪ ಎಳೆದರೆ ಹಿಗ್ಗಿ ವಾಪಸಾಗುವ ದಾರ ಉತ್ತಮ. ಶುದ್ಧ ಉಣ್ಣೆ ಎಲ್ಲಕ್ಕಿಂತ ಒಳ್ಳೆಯದು. ಹತ್ತಿ ದಾರ ಹಿಗ್ಗುವುದೇ ಇಲ್ಲ, ಅದರಲ್ಲಿ ಎರಡರ ಮೇಲೆ ಎರಡಕ್ಕೆ ನಿಲ್ಲಿ. ಕೈಹೆಣಿಗೆಯ ಉಂಡೆ ದಾರ ಬಳಸುವುದಾದರೆ ವೈಂಡರಿನಲ್ಲಿ ಸಡಿಲವಾಗಿ ಸುತ್ತಿಕೊಳ್ಳಿ, ಉಂಡೆ ಉರುಳುತ್ತ ದಾರವನ್ನು ಜಗ್ಗಿದರೆ ಸಾಲು ಬಿಗಿಯಾಗುತ್ತದೆ. ಸುತ್ತುವಾಗ ದಾರ ಬಿಳಿ ಮೇಣದ ತುಂಡಿಗೆ ತಾಗಿ ಹೋಗಲಿ. ಕಪ್ಪು, ಕಡುನೀಲಿ ಬಣ್ಣದಲ್ಲಿ ಕೇಬಲ್ ಕಾಣುವುದಿಲ್ಲ. ಕೆನೆ, ಬೂದು, ಸಾಸಿವೆ ಬಣ್ಣಗಳಲ್ಲಿ ನೆರಳು ಬಿದ್ದು ಚೆಂದ ಕಾಣುತ್ತದೆ.

ಪ್ರಶ್ನೆ: ಮೂವತ್ತು ಸಾಲು ಮುಂದೆ ಹೋದ ಮೇಲೆ ಕೆಳಗಿನ ಒಂದು ಕೇಬಲ್ ತಪ್ಪು ದಿಕ್ಕಿಗೆ ದಾಟಿದ್ದು ಕಂಡಿತು. ಎಲ್ಲವನ್ನೂ ಬಿಚ್ಚಬೇಕೇ? ನನ್ನದು 9 ಮಿ.ಮೀ. ಮಷೀನ್. — ಓದುಗರು, ಟೊರಾಂಟೊ

ಉತ್ತರ: ಬೇಡ. ಆ ಆರು ಗೆರೆಗಳನ್ನು ಮಾತ್ರ ತಪ್ಪಾದ ಸಾಲಿನ ತನಕ ಬೀಳಿಸಿ. ಅದಕ್ಕೆ ಮೊದಲು ತಪ್ಪಾದ ದಾಟಿನ ಕೆಳಗಿನ ಸಾಲಿನ ಆರು ಕುಣಿಕೆಗಳಿಗೆ ಬೇರೆ ಬಣ್ಣದ ದಾರ ಪೋಣಿಸಿಡಿ. ಅವುಗಳನ್ನು ಟೂಲಿಗೆ ತೆಗೆದುಕೊಂಡು ಸರಿಯಾದ ದಿಕ್ಕಿಗೆ ದಾಟಿಸಿ ಸೂಜಿಗಳಿಗೆ ಹಾಕಿ. ಇಲ್ಲಿ ಲ್ಯಾಚ್ ಟೂಲಿನಿಂದ ನಿಮ್ಮ ಕಡೆಯಿಂದ ಎತ್ತಿದರೆ ಕೇಬಲಿನ ಗೆರೆಗಳು ಸೀದಾ ಬದಿಯಲ್ಲಿ ಉಲ್ಟಾ ಕುಣಿಕೆಗಳಾಗುತ್ತವೆ. ಹಾಗಾಗಿ ಎಲ್ಲಕ್ಕಿಂತ ಕೆಳಗಿನ ಅಡ್ಡದಾರವನ್ನು ಆರು ಸೂಜಿಗಳ ತೆರೆದ ಕೊಕ್ಕೆಯಲ್ಲಿ ಇಟ್ಟು, ಒಂದೊಂದು ಸೂಜಿಯನ್ನೂ ಬುಡದಿಂದ ಹಿಡಿದು ಹಿಂದಕ್ಕೆ ತಳ್ಳಿ ಕೈಯಲ್ಲೇ ಹೆಣೆಯಿರಿ. ಒಂದು ಸಾಲಾಯಿತು. ಹೀಗೆ ಸಾಲು ಸಾಲಾಗಿ ಮೇಲಕ್ಕೆ ಬನ್ನಿ, ನಡುವಿನ ದಾಟುಗಳನ್ನೂ ಅವುಗಳ ಸಾಲಿನಲ್ಲಿ ಮಾಡಿಕೊಳ್ಳಿ. ನಿಮ್ಮ ಮಷೀನಿನಲ್ಲಿ ಕುಣಿಕೆ ದೊಡ್ಡದಿರುವುದರಿಂದ ಇದು ಕಣ್ಣಿಗೆ ಕಷ್ಟವಲ್ಲ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಎರಡು ಸಾಲು ಸೂಜಿಯ ಕೈಮಷೀನ್ ಬಂದಿದೆ. ಶಾಲಾ ಸ್ವೆಟರಿಗೆ ಕೇಬಲ್ ಹಾಕಿ ಮಾರಿದರೆ ಲಾಭವಾಗುತ್ತದೆಯೇ? — ಓದುಗರು, ಹಾಸನ

ಉತ್ತರ: ಮೊದಲು ಮಷೀನಿನ ಗೇಜ್ ನೋಡಿ, ಅದು ಒಂದು ಇಂಚಿಗೆ ಎಷ್ಟು ಸೂಜಿ ಎಂಬ ಅಂಕಿ. 5 ಅಥವಾ 7 ಆದರೆ ಕೈಯಲ್ಲಿ ಕೇಬಲ್ ದಾಟಿಸಬಹುದು. 12 ಆದರೆ ಸೂಜಿಗಳ ಅಂತರ ಎರಡು ಮಿ.ಮೀ.ಗಿಂತ ಸ್ವಲ್ಪವೇ ಹೆಚ್ಚು, ದಿನವಿಡೀ ಮಾಡಿದರೆ ಕಣ್ಣು ಹೋಗುತ್ತದೆ. ನಿಮ್ಮ ಮಷೀನಿನ ದೊಡ್ಡ ಅನುಕೂಲವೆಂದರೆ ಉಲ್ಟಾ ಗೆರೆಗಳನ್ನು ಎಬ್ಬಿಸುವ ಕೆಲಸವಿಲ್ಲ. ಕೇಬಲಿನ ಪಕ್ಕದ ಎರಡೆರಡು ಕುಣಿಕೆಯನ್ನು ಆರಂಭದಲ್ಲೇ ಎದುರಿನ ಸಾಲಿನ ಸೂಜಿಗಳಿಗೆ ಟೂಲಿನಿಂದ ವರ್ಗಾಯಿಸಿದರೆ ಮಷೀನೇ ಅವನ್ನು ಉಲ್ಟಾ ಹೆಣೆಯುತ್ತ ಹೋಗುತ್ತದೆ.

ಹೊತ್ತಿನ ಲೆಕ್ಕ ಹಾಕಿ. 168 ಸಾಲಿನ ಮುಂಭಾಗ, ಎಂಟು ಸಾಲಿಗೊಮ್ಮೆ ದಾಟು ಎಂದರೆ ಒಂದು ಕೇಬಲಿಗೆ 21 ದಾಟು, ಮೂರಕ್ಕೆ 63. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ ಮುಂಭಾಗವೊಂದಕ್ಕೇ ಅರ್ಧ ಗಂಟೆ ಹೆಚ್ಚಿಗೆ. ಎದೆಯ ನಡುವೆ ಒಂದೇ ಕೇಬಲ್ ಇಟ್ಟು, ಹಿಂಭಾಗ ಮತ್ತು ತೋಳನ್ನು ಸಾದಾ ಬಿಟ್ಟರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನೋಟಕ್ಕೂ ಕೊರತೆಯಿಲ್ಲ. ಕೂಲಿಯನ್ನು ಸ್ವೆಟರಿಗಿಷ್ಟು ಎಂದು ಗೊತ್ತುಮಾಡದೆ ದಾಟಿನ ಎಣಿಕೆಯ ಮೇಲೆ ಗೊತ್ತುಮಾಡಿ; ದೊಡ್ಡ ಸೈಜ್ ಹೆಣೆಯುವ ಹೆಂಗಸರಿಗೆ ಅನ್ಯಾಯವಾಗಬಾರದು. ಚಳಿಗಾಲದಲ್ಲಿ ನಮ್ಮ ಊರುಗಳ ಟಿಬೆಟನ್ ಸ್ವೆಟರ್ ಅಂಗಡಿಗಳಿಗೆ ಬರುವ ಮಾಲು ಹೆಚ್ಚಾಗಿ ಲೂಧಿಯಾನದ್ದು, ದೊಡ್ಡ ಪ್ರಮಾಣದಲ್ಲಿ ತಯಾರಾದದ್ದು. ಅದರ ಜೊತೆ ಬೆಲೆಯಲ್ಲಿ ಪೈಪೋಟಿಗೆ ಇಳಿಯಬೇಡಿ. ಅಳತೆ ತೆಗೆದುಕೊಂಡು ಹೆಣೆದುಕೊಡುವುದು, ಮಗು ಬೆಳೆದಂತೆ ಬಾರ್ಡರ್ ಬಿಚ್ಚಿ ಉದ್ದ ಮಾಡಿಕೊಡುವುದು ಅಂಗಡಿಯಿಂದ ಆಗದ ಕೆಲಸ. ನಿಮ್ಮ ಗಿರಾಕಿ ಇರುವುದು ಅಲ್ಲಿ.

ಪ್ರಶ್ನೆ: ಇಸ್ತ್ರಿ ಮಾಡಿದ ಕೂಡಲೇ ಕೇಬಲ್ ಸತ್ತುಹೋಯಿತು. ಮತ್ತೆ ಎಬ್ಬಿಸಬಹುದೇ? — ಓದುಗರು, ಬೆಳಗಾವಿ

ಉತ್ತರ: ದಾರ ಅಕ್ರಿಲಿಕ್ ಆಗಿದ್ದರೆ ಇಲ್ಲ. ಬಿಸಿ ಹಬೆಗೆ ಅದು ತನ್ನ ಪುಟಿತ ಕಳೆದುಕೊಂಡು ಜೋಲುಬಿಡುತ್ತದೆ, ಒಗೆದರೂ ಮರಳುವುದಿಲ್ಲ. ಅಕ್ರಿಲಿಕ್ ಸ್ವೆಟರನ್ನು ತಣ್ಣೀರಿನಲ್ಲಿ ಒಗೆದು, ಟವೆಲಿನಲ್ಲಿ ಸುತ್ತಿ ಹಿಂಡಿ, ಅಳತೆಗೆ ಹರಡಿ ನೆರಳಲ್ಲಿ ಒಣಗಿಸಿದರೆ ಸಾಕು. ತಂತಿಯ ಮೇಲೆ ನೇತುಹಾಕಬೇಡಿ, ಕೇಬಲ್ ಸ್ವೆಟರ್ ಭಾರಕ್ಕೆ ಉದ್ದವಾಗುತ್ತದೆ. ಉಣ್ಣೆಯಾದರೆ ಭರವಸೆ ಇದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹಿಂಡಿ, ಹರಡಿದ ಮೇಲೆ ಕೇಬಲಿನ ಎರಡೂ ಪಕ್ಕದ ಉಲ್ಟಾ ಗೆರೆಗಳನ್ನು ಬೆರಳಿಂದ ಕೆಳಕ್ಕೆ ಒತ್ತುತ್ತ, ಕೇಬಲನ್ನು ಚಿವುಟಿ ಮೇಲಕ್ಕೆತ್ತುತ್ತ ಬನ್ನಿ. ಹಾಗೆಯೇ ಒಣಗಲಿ. ಮುಂದೆ ಹಬೆ ಕೊಡುವುದಿದ್ದರೆ ಉಲ್ಟಾ ಬದಿಯಿಂದ, ಇಸ್ತ್ರಿಪೆಟ್ಟಿಗೆ ಬಟ್ಟೆಗೆ ತಾಗದಂತೆ ಎರಡು ಬೆರಳು ಮೇಲೆ ಹಿಡಿದು ಕೊಡಿ.

ಪ್ರಶ್ನೆ: ನಮ್ಮಲ್ಲಿ ಮಳೆಗಾಲದ ನಾಲ್ಕು ತಿಂಗಳು ಮಷೀನ್ ಮುಟ್ಟುವುದಿಲ್ಲ. ಸೂಜಿಗಳಿಗೆ ತುಕ್ಕು ಹಿಡಿಯುತ್ತಿದೆ. — ಓದುಗರು, ಸಕಲೇಶಪುರ

ಉತ್ತರ: ಸ್ಪಾಂಜ್ ಬಾರ್ ತೆಗೆದು ಬೇರೆ ಇಡಿ, ಸೂಜಿಗಳನ್ನು ಹೊರತೆಗೆದು ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಮಷೀನಿನ ತೆಳು ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ಗಟ್ಟಿಯಾಗಿ ಲ್ಯಾಚನ್ನು ಹಿಡಿದುಬಿಡುತ್ತದೆ. ಈಗಾಗಲೇ ತುಕ್ಕು ಹಿಡಿದ ಸೂಜಿಯ ಲ್ಯಾಚ್ ತನ್ನ ಭಾರಕ್ಕೆ ತಾನೇ ಬೀಳದಿದ್ದರೆ ಆ ಸೂಜಿಯನ್ನು ಕೇಬಲ್ ಬರುವ ಜಾಗದಿಂದ ತೆಗೆದು ಬೆಡ್ಡಿನ ತುದಿಗೆ ಹಾಕಿ, ತುದಿಯ ಒಳ್ಳೆಯ ಸೂಜಿಯನ್ನು ನಡುವೆ ತನ್ನಿ. ಮಳೆ ನಿಂತ ಮೇಲೆ ಶುರುಮಾಡುವಾಗ ಮೊದಲ ಇಪ್ಪತ್ತು ಸಾಲನ್ನು ಬೇಡದ ದಾರದಲ್ಲಿ ಹೆಣೆಯಿರಿ, ಎಣ್ಣೆಯ ಕಲೆ ಅದಕ್ಕೆ ಹೋಗಲಿ.